ನೀಲಗಂಗಾಳ ಮೊಬೈಲು ನಾನು

ನನ್ನ ಕಿವಿಗೆ ಬಿದ್ದ ಮೊದಲ ಮಾತು, "ಹಲೋ, ಕೇಳಿಸ್ತಾ? ಕೇಳಿಸಿದ್ರೆ ಹೂಂ ಅನ್ನು."

ಹಾಗೆ ಕೇಳಿದವಳು ಕಾರ್ಖಾನೆಯ ಕೊನೆಯ ಮೇಜಿನ ಮುಂದೆ ಕೂತಿದ್ದ ಒಬ್ಬ ಹೆಂಗಸು. ಹೊಸದಾಗಿ ತಯಾರಾದ ಮೊಬೈಲುಗಳ ಕಿವಿ, ಬಾಯಿ ಸರಿಯಾಗಿವೆಯೇ ಎಂದು ಪರೀಕ್ಷಿಸುವುದು ಅವಳ ಕೆಲಸ. ನನಗೆ ಹೂಂ ಅನ್ನಲು ಬರಲಿಲ್ಲ. ಆದರೆ ಅವಳ ದನಿಯನ್ನು ಅವಳಿಗೇ ಸ್ಪಷ್ಟವಾಗಿ ತಿರುಗಿ ಕೇಳಿಸಿದೆ. ಅವಳು ಮೆಚ್ಚಿ ನನ್ನ ಬೆನ್ನಿಗೊಂದು ಚೀಟಿ ಅಂಟಿಸಿದಳು. ಅಲ್ಲಿಂದ ಪೆಟ್ಟಿಗೆ, ಪೆಟ್ಟಿಗೆಯಿಂದ ಲಾರಿ, ಲಾರಿಯಿಂದ ಕಲಬುರಗಿಯ ಒಂದು ಅಂಗಡಿಯ ಗಾಜಿನ ಕಪಾಟು. ಕಪಾಟಿನೊಳಗೂ ಧಗೆ. ಬಿಸಿಲೂರಿಗೆ ಬಂದಿದ್ದೇನೆಂದು ಗೊತ್ತಾಯಿತು.

ನಮ್ಮ ಜಾತಿಯವರು ಮನುಷ್ಯರನ್ನು ನೋಡುವುದೇ ಕೆಳಗಿನಿಂದ. ಬೇರೆಯವರಿಗೆ ಕಾಣುವುದು ಹಣೆ, ಕಣ್ಣು. ನಮಗೆ ಮೊದಲು ಕಾಣುವುದು ಗದ್ದ. ನನ್ನ ಮೊದಲ ಒಡೆಯ ಟೇಲರ್ ಮೌಲಾಸಾಬನ ಗದ್ದದಲ್ಲಿ ಯಾವಾಗಲೂ ಒಂದೆರಡು ನೂಲಿನ ಎಳೆ ಸಿಕ್ಕಿಕೊಂಡಿರುತ್ತಿದ್ದವು. ಅವನು ನನ್ನಿಂದ ಹೆಚ್ಚೇನೂ ಬಯಸಲಿಲ್ಲ. ಬ್ಲೌಸಿನ ಕುತ್ತಿಗೆಯ ನಮೂನೆಗಳನ್ನು ಫೋಟೋ ತೆಗೆಯುತ್ತಿದ್ದ, ಕರೆಂಟು ಹೋದಾಗ ನನ್ನ ದೀಪದಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದ. ವಯಸ್ಸಾದಂತೆ ಕಣ್ಣು ಮಂಜಾಗಿ ದೊಡ್ಡ ಪರದೆಯ ಮೊಬೈಲು ಬೇಕಾಯಿತು. ನನ್ನನ್ನು ಒರೆಸಿ, ಒಳಗಿನದನ್ನೆಲ್ಲ ಅಳಿಸಿ, ಹಳೆಯ ಮೊಬೈಲು ಮಾರುವ ಅಂಗಡಿಗೆ ಕೊಟ್ಟ.

ಅಲ್ಲಿಂದ ನನ್ನನ್ನು ಕೊಂಡವಳು ನೀಲಗಂಗಾ ಹೂಗಾರ.

ಸೇಡಂ ಕಡೆಯ ಹುಡುಗಿ. ಊರ ಹೊರಗಿನ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಳು. ಎಲೆಯ ಅಂಚು ನೋಡಿ ಗಿಡದ ಹೆಸರು, ಕುಲ, ಗೋತ್ರ ಹೇಳುವಳು. ತರಗತಿಗೆ ಮೊದಲಿಗಳು, ಹಾಸ್ಟೆಲ್ಲಿನ ಜಗಳಗಳಲ್ಲೂ ಮೊದಲಿಗಳು. ಆದರೆ ಒಂದು ವಿಷಯದಲ್ಲಿ ಮಾತ್ರ ಅವಳು ಬಾಯಿ ಬಿಡುತ್ತಿರಲಿಲ್ಲ. ಹೈಸ್ಕೂಲಿನಲ್ಲಿದ್ದಾಗಲೇ ಅವಳಿಗೆ ಸಕ್ಕರೆ ಕಾಯಿಲೆ ಬಂದಿತ್ತು. ದೇಹದಲ್ಲಿ ಇನ್ಸುಲಿನ್ ಹುಟ್ಟುವುದೇ ನಿಂತುಹೋಗುವ ಬಗೆಯದು. ಪ್ರತಿ ಊಟಕ್ಕೆ ಮುಂಚೆ ಪೆನ್ನಿನಂಥ ಸೂಜಿಯಿಂದ ಅದನ್ನು ತಾನೇ ಚುಚ್ಚಿಕೊಳ್ಳಬೇಕು. ಆ ಪೆನ್ನು ಅವಳ ಮಂಚದ ಕೆಳಗಿನ ಪುಟ್ಟ ಮಣ್ಣಿನ ಗಡಿಗೆಯಲ್ಲಿ ತಂಪಾಗಿ ಕೂತಿರುತ್ತಿತ್ತು. ಊಟದ ಗಂಟೆ ಹೊಡೆದ ಕೂಡಲೇ ಅವಳು ಅದನ್ನು ಓಢಣಿಯ ಸೆರಗಿನಲ್ಲಿ ಮುಚ್ಚಿಕೊಂಡು ಬಾತ್‌ರೂಮಿಗೆ ಹೋಗಿ ಚಿಲಕ ಹಾಕುತ್ತಿದ್ದಳು.

"ಅಲ್ಲೇ ನೀಲಾ, ಊಟಕ್ಕ ಹೋಗೋ ಮುಂದ ದಿನಾ ಯಾಕ ಬಾತ್‌ರೂಮಿಗಿ ಓಡ್ತಿ?" ಎಂದು ಒಮ್ಮೆ ಕೇಳಿದಳು ಅವಳ ಕೋಣೆಯ ಗೆಳತಿ ಫಿರ್ದೌಸ್. ಚಿತಾಪುರದವಳು, ಗ್ರಂಥಾಲಯ ವಿಜ್ಞಾನ ಓದುತ್ತಿದ್ದಳು.

"ಕೈ ತೊಳಕೊಂಡು ಉಣಬೇಕಂತ ನಮ್ಮವ್ವ ಕಲಿಸ್ಯಾಳ. ನಿಮ್ಮವ್ವ ಕಲಿಸಿಲ್ಲೇನು?" ಎಂದು ನೀಲಗಂಗಾ ನಗಿಸಿ ಮಾತು ತೇಲಿಸಿದಳು.

ಹೀಗೆ ನಡೆದಿದ್ದರೆ ನಡೆದುಹೋಗುತ್ತಿತ್ತೇನೋ. ಆದರೆ ಅವಳ ವಿಭಾಗದವರು ಪಶ್ಚಿಮ ಘಟ್ಟಕ್ಕೆ ಟೂರು ಹೊರಡುವುದೆಂದು ಗೊತ್ತಾಯಿತು. ಕಾಡಿನಲ್ಲಿ ಅಲೆದು ಗಿಡ ಗುರುತಿಸುವ ಟೂರು. ಎಂ.ಎಸ್ಸಿ. ಸೇರಿದ್ದೇ ಅದರ ಆಸೆಗೆ ಅನ್ನುವಷ್ಟು ಅವಳಿಗೆ ಹುಚ್ಚು. ಆದರೆ ಎಲ್ಲರೂ ಒಂದೇ ಹಾಲಿನಲ್ಲಿ ಮಲಗಬೇಕು, ದಾರಿಯಲ್ಲಿ ಎಲ್ಲೆಂದರಲ್ಲಿ ಉಣ್ಣಬೇಕು. ಪೆನ್ನು ಎಲ್ಲಿ ಮುಚ್ಚಿಡುವುದು? ಟೂರಿಗೆ ಕರೆದೊಯ್ಯುವ ಕಡಗಂಚಿ ಸರ್‌ಗೆ ಹೇಳಿದರೆ "ನಿನಗ ಯಾಕವ್ವ ಈ ತ್ರಾಸ" ಎಂದು ಬಿಟ್ಟುಹೋದರೆ?

ಒಂದು ಸಂಜೆ ಅವಳು ಮಂಚದ ಮೇಲೆ ಕವುಚಿ ಮಲಗಿ ನನ್ನ ಮೇಲೆ ಬೆರಳಾಡಿಸಿ ಬರೆದಳು: "ಇನ್ಸುಲಿನ್ ಬಿಡುವುದು ಹೇಗೆ".

ನನ್ನೊಳಗೆ ವಿಡಿಯೋ ತೋರಿಸುವ ಒಂದು ಆ್ಯಪ್ ಇದೆ. ನೀವು ಯಾವುದರ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತೀರೋ, ಅಂಥದ್ದೇ ಇನ್ನೊಂದನ್ನು ತಂದು ಮುಂದಿಡುವುದು ಅದರ ಕಸುಬು. ಸಂತೆಯಲ್ಲಿ ಒಂದು ಸೀರೆ ಮುಟ್ಟಿದರೆ ಅಂಗಡಿಯವನು ಮಡಿಕೆ ಮಡಿಕೆ ಬಿಚ್ಚಿ ಹರವುತ್ತಾನಲ್ಲ, ಹಾಗೆ. ವಾರ ಕಳೆಯುವುದರೊಳಗೆ ಅವಳ ಪರದೆಯ ತುಂಬ ಒಬ್ಬನೇ ಮನುಷ್ಯ ಕೂತುಬಿಟ್ಟ. ಹೆಸರು ತ್ರಿಲೋಚನ. ಬಿಳಿ ಕೋಟು, ಕೊರಳಲ್ಲಿ ಸ್ಟೆತಸ್ಕೋಪು, ಹಿಂದೆ ದಪ್ಪ ದಪ್ಪ ಪುಸ್ತಕಗಳು. "ಸೂಜಿಗೆ ವಿದಾಯ" ಎಂಬುದು ಅವನ ಚಾನೆಲ್ಲು. ಅವನ ದನಿ ಬೆಣ್ಣೆಯಂತಿತ್ತು. "ತಂಗಿ, ನಿನ್ನ ದೇಹಕ್ಕೆ ತನ್ನನ್ನು ತಾನು ಗುಣಪಡಿಸಿಕೊಳ್ಳುವ ಶಕ್ತಿ ಇದೆ. ಮೊದಲು ಅರ್ಧ ಮಾಡು. ಆಮೇಲೆ ಬಿಸಾಡು. ನಮ್ಮ ಸೊಪ್ಪಿನ ಪುಡಿ ನಿನ್ನ ಜೊತೆ ಇರುತ್ತದೆ."

ಗಿಡ ಓದಿದವಳಿಗೆ ಗಿಡದ ಪುಡಿ ಎಂದರೆ ನೆಂಟನ ಹೆಸರು ಕೇಳಿದಂತಾಯಿತು. ವಿಡಿಯೋದ ಕೆಳಗೆ ನೂರಾರು ಜನ "ಗುರುಗಳೇ, ನಾನು ಗೆದ್ದೆ" ಎಂದು ಕೈಮುಗಿದಿದ್ದರು. ನೀಲಗಂಗಾ ಪುಡಿ ತರಿಸಿದಳು. ಚುಚ್ಚುವ ಇನ್ಸುಲಿನ್ ಅರ್ಧ ಮಾಡಿದಳು. ಬಾಯಾರಿಕೆ ಹೆಚ್ಚಿತು. ತ್ರಿಲೋಚನ ಅದಕ್ಕೂ ಉತ್ತರ ಇಟ್ಟಿದ್ದ: "ವಿಷ ಹೊರಗೆ ಹೋಗುವಾಗ ಹಾಗಾಗುತ್ತದೆ." ಅವಳ ಕೆನ್ನೆ ಒಳಗೆ ಹೋಗುತ್ತಿತ್ತು, ಗದ್ದದ ಮೂಳೆ ನನಗೆ ದಿನದಿನಕ್ಕೆ ಚೂಪಾಗಿ ಕಾಣುತ್ತಿತ್ತು. ಟೂರಿಗೆ ಬಟ್ಟೆ ಹೊಂದಿಸಲು ಶುರುಮಾಡಿದ ದಿನ ಅವಳು ಪೆನ್ನು ಮುಟ್ಟುವುದನ್ನೇ ನಿಲ್ಲಿಸಿದಳು.

ಭಾನುವಾರ ಹಾಸ್ಟೆಲ್ಲಿನಲ್ಲಿ ಹೋಳಿಗೆ. ಫಿರ್ದೌಸ್ ಎರಡು ತಟ್ಟೆ ಹಿಡಿದು ಕೋಣೆಗೆ ಬಂದಾಗ ನೀಲಗಂಗಾ ಶಹಾಬಾದ್ ಕಲ್ಲಿನ ತಣ್ಣನೆಯ ನೆಲಕ್ಕೆ ಒರಗಿದ್ದಳು. ಬೆಳಗಿನಿಂದ ವಾಂತಿ. ಉಸಿರು ತಿದಿ ಒತ್ತಿದಂತೆ ಆಳವಾಗಿ ಬರುತ್ತಿತ್ತು. ಬಾಯಿಂದ ಕೊಳೆತ ಹಣ್ಣಿನಂಥ ವಾಸನೆ.

"ನೀಲಾ! ಏನಾಗ್ಯಾದ?"

"ಏನಿಲ್ಲ... ವಿಷ ಹೋಗ್ಲತ್ತದ," ಎಂದಳು ನೀಲಗಂಗಾ. ಕಣ್ಣು ತೆರೆಯಲಾಗುತ್ತಿರಲಿಲ್ಲ.

ವಾರ್ಡನ್ ಮೇಡಂ ಬಂದು ನೋಡಿ, "ಬಿಸಿಲಿಗಿ ಪಿತ್ತ ಆಗ್ಯಾದ. ಲಿಂಬು ಸೋಡಾ ಕುಡಿಸ್ರಿ, ಸಂಜಿ ಮಟ ನೋಡಮು," ಎಂದರು. ಕೆಟ್ಟವರಲ್ಲ, ಅವರು ಕಂಡ ವಾಂತಿಗಳಲ್ಲಿ ಹೆಚ್ಚಿನವು ಪಿತ್ತದವೇ.

ಫಿರ್ದೌಸ್‌ಗೆ ನಾನು ಕಂಡೆ. ದಿಂಬಿನ ಪಕ್ಕ ಬಿದ್ದಿದ್ದೆ, ತ್ರಿಲೋಚನ ನನ್ನ ಮೇಲೆ ಇನ್ನೂ ಮಾತಾಡುತ್ತಲೇ ಇದ್ದ. ಅವಳು ನನ್ನನ್ನು ಎತ್ತಿಕೊಂಡು ಅವನ ಮಾತನ್ನು ಒಂದೆರಡು ಕ್ಷಣ ಕೇಳಿದಳು. ನೀಲಗಂಗಾ ಊಟಕ್ಕೆ ಮುಂಚೆ ದಿನವೂ ಮಂಚದ ಕೆಳಗೆ ತಡಕುತ್ತಿದ್ದುದು ನೆನಪಾಗಿ, ಬಗ್ಗಿ ಗಡಿಗೆಯೊಳಗೆ ಕೈ ಹಾಕಿ ಪೆನ್ನು ಹೊರತೆಗೆದಳು. ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಅವನನ್ನು ಪರದೆಯಿಂದ ತಳ್ಳಿ ಹುಡುಕುವ ಜಾಗಕ್ಕೆ ಹೋದಳು. "ವಾಂತಿಗೆ ಮನೆಮದ್ದು" ಎಂದು ಬರೆಯಲಿಲ್ಲ. "ಇನ್ಸುಲಿನ್ ನಿಲ್ಲಿಸಿದರೆ ವಾಂತಿ, ಆಳವಾದ ಉಸಿರು, ಹಣ್ಣಿನ ವಾಸನೆ" ಎಂದು ಕಂಡದ್ದನ್ನು ಕಂಡ ಹಾಗೆ ಬರೆದಳು. ಮೇಲೆ ಬಂದ ಜಾಹೀರಾತುಗಳನ್ನು ದಾಟಿ ಒಂದು ವೈದ್ಯಕೀಯ ಕಾಲೇಜಿನ ಪುಟ ತೆರೆದಳು. ಬೇರೆಯದೊಂದು ಸರ್ಕಾರಿ ಆರೋಗ್ಯ ಪುಟದಲ್ಲಿ ಹೊಂದಿಸಿ ನೋಡಿದಳು. ಎರಡೂ ಒಂದೇ ಮಾತು ಹೇಳಿದವು. ನನ್ನ ಆಯುಷ್ಯದಲ್ಲಿ ನನ್ನನ್ನು ಅಷ್ಟು ಚುರುಕಾಗಿ, ಅಷ್ಟು ಸರಿಯಾಗಿ ಬಳಸಿದ ಬೆರಳುಗಳನ್ನು ನಾನು ಕಂಡಿರಲಿಲ್ಲ.

"ಮೇಡಂ, ಇದು ಪಿತ್ತ ಅಲ್ಲರಿ. ಇಕಿಗಿ ಸಕ್ಕರಿ ಕಾಯಿಲೆ ಅದ, ಸೂಜಿ ಬಿಟ್ಟಾಳ. ರಕ್ತ ಹುಳಿ ಆಗ್ಲತ್ತದ. ಸಂಜಿ ಮಟ ಕುಂತ್ರ ಜೀವ ಹೋಗ್ತದ. ನೋಡ್ರಿ, ಓದ್ರಿ ಇಲ್ಲಿ," ಎಂದು ನನ್ನನ್ನು ಅವರ ಮುಖಕ್ಕೆ ಹಿಡಿದಳು.

ವಾರ್ಡನ್ ಓದಿದರು. ಅವರ ಮುಖದ ಬಣ್ಣ ಇಳಿಯಿತು. "ನೂರಾ ಎಂಟಕ್ಕ ಹಚ್ಚು," ಎಂದರು. ಅವರ ಮಾತು ಮುಗಿಯುವ ಮುನ್ನವೇ ಫಿರ್ದೌಸ್ ನನ್ನಿಂದ ಹಚ್ಚಿದ್ದಳು.

ಆಸ್ಪತ್ರೆಯಲ್ಲಿ ನೀಲಗಂಗಾ ಕೆಲವು ದಿನ ತುರ್ತು ನಿಗಾ ಕೋಣೆಯಲ್ಲಿದ್ದಳು. ಒಂದು ಕೈಗೆ ಸಲೈನ್, ಇನ್ನೊಂದು ಕೈಗೆ ಅವಳು ಬಿಟ್ಟುಬಂದ ಅದೇ ಇನ್ಸುಲಿನ್. ಊರಿಂದ ಓಡಿಬಂದ ತಾಯಿ ಕಾಶಮ್ಮ ಹೊರಗಿನ ಬೆಂಚಿನ ಮೇಲೆ ಕೂತು ನನ್ನನ್ನು ನೋಡಿದಾಗಲೆಲ್ಲ "ಈ ಹಾಳಾದ್ದನ್ನ ಕಲ್ಲಿಗಿ ಬಡೀರಿ" ಎನ್ನುತ್ತಿದ್ದಳು. ಅವಳ ಸಿಟ್ಟು ನನಗೆ ಅರ್ಥವಾಗುತ್ತಿತ್ತು. ಆದರೆ ಮಗಳನ್ನು ಆಸ್ಪತ್ರೆಗೆ ತಲುಪಿಸಿದ ಕರೆಯೂ ನನ್ನಿಂದಲೇ ಹೋಗಿತ್ತು.

ಎಚ್ಚರವಾದ ಮೇಲೆ ಡಾಕ್ಟರ್ ಮೃಣಾಲಿನಿ ಬಂದು ಮಂಚದ ಅಂಚಿಗೆ ಕೂತರು. ಬೈಯಲಿಲ್ಲ. "ಏನ್ ನೋಡಿದಿ, ನನಗೂ ತೋರಿಸು," ಎಂದರು. ವಿಡಿಯೋ ಪೂರ್ತಿ ನೋಡಿದರು.

"ಇಂವ ಹೇಳೋದೆಲ್ಲ ಸುಳ್ಳಂದ್ರ ಸುಲಭ ಇತ್ತು," ಎಂದರು. "ಸಕ್ಕರಿ ಕಾಯಿಲೆ ಅಂತ ಹೆಸರು ಒಂದೇ, ಒಳಗ ಎರಡು ಥರಾ ಅದಾವ. ದೊಡ್ಡವರಿಗೆ ಬರೋದ್ರಾಗ ಕೆಲವರು ತೂಕ ಇಳಿಸಿ, ಊಟ ಬದಲಿಸಿ, ಡಾಕ್ಟರ್ ಕೇಳಿ ಔಷಧ ಕಡಿಮಿ ಮಾಡ್ತಾರ. ಅದು ಖರೆ. ನಿಂದು ಆ ಥರದ್ದಲ್ಲ. ನಿನ್ನ ಗಿಡದಾಗ ಬೇರೇ ಇಲ್ಲ, ನೀರು ನಾವು ಮ್ಯಾಲಿಂದ ಹಾಕ್ಬೇಕು. ಇಂವ ಅವರ ಕಥಿ ತಂದು ನಿನಗ ಮಾರ್ಯಾನ."

ನೀಲಗಂಗಾ ಗೋಡೆ ಕಡೆ ಹೊರಳಿದಳು. ಹೊರಳಿದವಳ ಭುಜ ಬಹಳ ಹೊತ್ತು ಅಲುಗುತ್ತಿತ್ತು. ಟೂರಿನ ಬಸ್ಸು ಆ ದಿನ ಬೆಳಿಗ್ಗೆಯೇ ಹೊರಟುಹೋಗಿತ್ತು.

ಹಾಸ್ಟೆಲ್ಲಿಗೆ ಮರಳಿದ ಮೇಲೆ ಫಿರ್ದೌಸ್ ಅವಳನ್ನು ಗ್ರಂಥಾಲಯಕ್ಕೆ ಕರೆದೊಯ್ದಳು. "ನೀ ಗಿಡಾ ಕೊಯ್ದು ನೋಡ್ತೀಯಲ್ಲ, ಹಂಗೇ ಇವನನ್ನೂ ಕೊಯ್ಯಮು ಬಾ." ಇಬ್ಬರೂ ನನ್ನನ್ನು ನಡುವೆ ಇಟ್ಟುಕೊಂಡು ಕೂತರು. ಮೊದಲು ತ್ರಿಲೋಚನನ ಹೆಸರನ್ನು ವೈದ್ಯರ ನೋಂದಣಿ ಪಟ್ಟಿಯಲ್ಲಿ ಹುಡುಕಿದರು; ಇರಲಿಲ್ಲ. ಕಾಯಿಲೆ ಗೆದ್ದಳೆಂದು ಅವನು ತೋರಿಸುತ್ತಿದ್ದ ಹೆಂಗಸಿನ ಚಿತ್ರ ಕೊಟ್ಟು, ಇದು ಬೇರೆಲ್ಲಿದೆ ಎಂದು ನನ್ನನ್ನು ಕೇಳಿದರು. ಅದೇ ಹೆಂಗಸು ಬೇರೆ ಯಾವುದೋ ದೇಶದ ತಲೆಗೂದಲ ಎಣ್ಣೆಯ ಜಾಹೀರಾತಿನಲ್ಲಿ ನಗುತ್ತಿದ್ದಳು. ವಿಡಿಯೋದ ಕೊನೆಯಲ್ಲಿ ಇರುವೆಯಂಥ ಅಕ್ಷರದಲ್ಲಿ ಒಂದು ಸಾಲು ಓಡುತ್ತಿತ್ತು. ನಿಲ್ಲಿಸಿ ಹಿಗ್ಗಿಸಿದರು: "ಇದು ವೈದ್ಯಕೀಯ ಸಲಹೆಯಲ್ಲ."

"ಯವ್ವಾ! ತಾನೇ ಬರದಾನ, ನಾ ಓದಿಲ್ಲ," ಎಂದಳು ನೀಲಗಂಗಾ. ಬಹಳ ದಿನಗಳ ಮೇಲೆ ಅವಳ ದನಿಯಲ್ಲಿ ಸಿಟ್ಟು ಬಂದಿತ್ತು. ನನಗೆ ಅದು ಒಳ್ಳೆಯ ಲಕ್ಷಣವೆನಿಸಿತು. ತ್ರಿಲೋಚನ ಕಂಡ ಕಡೆಯಲ್ಲೆಲ್ಲ "ಆಸಕ್ತಿ ಇಲ್ಲ" ಎಂಬಲ್ಲಿ ಒತ್ತಿ ಒತ್ತಿ ಅವನನ್ನು ಓಡಿಸಿದಳು. ಕೆಲವೇ ದಿನಗಳಲ್ಲಿ ನನ್ನ ಪರದೆಯ ಮೇಲೆ ಆರ್ಕಿಡ್ ಹೂಗಳು ಬರತೊಡಗಿದವು.

ಓಡಿಸಿದವನು ಬೇರೆ ಬಾಗಿಲಿನಿಂದ ಬಂದ. ವಿದ್ಯಾರ್ಥಿ ಸಂಘದವರು ಆರೋಗ್ಯ ದಿನಕ್ಕೆ ಹೆಸರಾಂತ ಅತಿಥಿಯೊಬ್ಬರನ್ನು ಕರೆಸುವುದಾಗಿ ಬೋರ್ಡು ಹಾಕಿದರು. ಬಿಳಿ ಕೋಟಿನ ದೊಡ್ಡ ಚಿತ್ರ. ತ್ರಿಲೋಚನ.

ಫಿರ್ದೌಸ್ ಕುದಿದಳು. "ರಿಜಿಸ್ಟ್ರಾರ್‌ಗ ಬರದು ಕೊಡಮು. ನಿಲ್ಲಿಸ್ತಾರ."

"ಬ್ಯಾಡ," ಎಂದಳು ನೀಲಗಂಗಾ. "ನಿಲ್ಲಿಸಿದ್ರ ಅಂವ ಬರಂಗಿಲ್ಲ, ಅಷ್ಟೇ. ನಮ್ಮ ಹುಡುಗೀರ ಮೊಬೈಲ್‌ದಾಗ ಅಂವ ಇದ್ದೇ ಇರ್ತಾನ. ಬರ್ಲಿ."

"ಬಂದ್ರ ಏನ್ ಮಾಡ್ತಿ? ನಿನ್ನ ವಿಷಯ ಎಲ್ಲರಿಗೂ ಗೊತ್ತಾಗ್ತದ ನೋಡು."

ನೀಲಗಂಗಾ ತ್ರಿಲೋಚನನ ಆ ಹಳೆಯ ವಿಡಿಯೋ ಹುಡುಕಿ ನನ್ನೊಳಗೆ ಉಳಿಸಿಕೊಂಡಳು.

ಸಭಾಂಗಣ ತುಂಬಿತ್ತು. ತ್ರಿಲೋಚನ ಜನರ ಎದುರಿಗೂ ವಿಡಿಯೋದಲ್ಲಿದ್ದಂತೆಯೇ ಚೆಂದ ಮಾತಾಡಿದ. ಹಾಡಿನಂತೆ ಮಾತು, ನಡುನಡುವೆ ನಗೆ, ಚಪ್ಪಾಳೆ. ವೇದಿಕೆಯ ಮೇಲೆ ಕಡಗಂಚಿ ಸರ್ ಕೂಡ ತಲೆದೂಗುತ್ತ ಕೂತಿದ್ದರು. ಪ್ರಶ್ನೆಗಳಿವೆಯೇ ಎಂದಾಗ ನೀಲಗಂಗಾ ಎದ್ದು ಮೈಕಿನ ಕಡೆ ನಡೆದಳು. ಅವಳ ಎಡಗೈಯಲ್ಲಿ ನಾನಿದ್ದೆ. ಬಲ ಹೆಗಲಿಗೆ ಚೀಲ.

"ಸರ್, ಸಕ್ಕರಿ ಕಾಯಿಲ್ಯಾಗ ಎರಡು ಥರಾ ಅದಾವಲ್ಲರಿ. ನಿಮ್ಮ ಪುಡಿ ಯಾವ ಥರದವರಿಗಿ?"

"ಥರ ಗಿರ ಏನಿಲ್ಲಮ್ಮ. ಅದೆಲ್ಲ ಔಷಧಿ ಮಾರುವವರು ಮಾಡಿಕೊಂಡಿದ್ದು. ದೇಹ ಒಂದೇ, ಕಾಯಿಲೆ ಒಂದೇ."

"ಮೈಯಾಗ ಇನ್ಸುಲಿನ್ನೇ ಹುಟ್ಟದ ಹುಡುಗೂರೂ ಸೂಜಿ ಬಿಡಬೇಕೇನ್ರಿ?"

"ಧೈರ್ಯವಾಗಿ ಬಿಡಬೇಕು."

ನೀಲಗಂಗಾ ನನ್ನನ್ನು ಮೈಕಿಗೆ ಹಿಡಿದಳು. ಅವನದೇ ದನಿ ಸಭಾಂಗಣದ ಮೂಲೆ ಮೂಲೆಗೂ ಹೋಯಿತು: "ಮೊದಲು ಅರ್ಧ ಮಾಡು. ಆಮೇಲೆ ಬಿಸಾಡು." ಆಮೇಲೆ ಅವಳು ನನ್ನ ದನಿ ನಿಲ್ಲಿಸಿ ತಾನು ಮಾತಾಡಿದಳು.

"ನಾ ಬಿಸಾಡಿದೆ ಸರ್. ಬಿಸಾಡಿ ದವಾಖಾನಿ ಕಂಡೆ. ಈ ಫಿರ್ದೌಸ್ ಇರಲಿಲ್ಲಂದ್ರ ಇವತ್ತ ನಿಮ್ಮ ಮುಂದ ನಿಂತು ಕೇಳಾಕ ನಾನೇ ಇರ್ತಿರಲಿಲ್ಲ. ಡಾಕ್ಟರ್ ಪಟ್ಟಿನಾಗ ನಿಮ್ಮ ಹೆಸರು ಹುಡುಕಿದೆ, ಸಿಗಲಿಲ್ಲ. ಎಲ್ಲಿ ಅದ ಅಂತ ನೀವೇ ತೋರಿಸ್ರಿ, ನಾ ಕುಂದರ್ತೀನಿ."

ಅವನ ನಗು ಮೊದಲ ಸಲ ಸ್ವಲ್ಪ ಜಾರಿತು. "ನೀನು ಪಥ್ಯ ಸರಿಯಾಗಿ ಮಾಡಿಲ್ಲ ತಂಗಿ. ನಂಬಿಕೆ ಇಲ್ಲದವರಿಗೆ—"

ಅಷ್ಟರಲ್ಲಿ ಮೆಸ್ಸಿನ ಕಡೆಯಿಂದ ಊಟದ ಗಂಟೆ ಕೇಳಿಸಿತು. ನೀಲಗಂಗಾ ಚೀಲದಿಂದ ಪೆನ್ನು ತೆಗೆದಳು. ಮೈಕಿನ ಮುಂದೆ ನಿಂತೇ ಮುಚ್ಚಳ ಬಿಚ್ಚಿ, ಹೊಸ ಸೂಜಿ ಹಾಕಿ, ಅಳತೆ ತಿರುಗಿಸಿ, ತೋಳು ಮೇಲೇರಿಸಿ ಚುಚ್ಚಿಕೊಂಡಳು.

"ಇಷ್ಟೇ ಇದು," ಎಂದಳು. "ಇಷ್ಟಕ್ಕ ಹೆದರಿ ನಾ ಸಾಯ್ಲತ್ತಿದ್ದೆ. ಇನ್ನ ನಾ ಉಣಬೇಕು, ತಡ ಆದ್ರ ಸಕ್ಕರಿ ಇಳೀತದ. ನಿಮ್ಮ ಭಾಷಣ ನಡೀಲಿ."

ಹೇಳಿ ನಡುವಿನ ದಾರಿಯಲ್ಲಿ ಹೊರಟಳು. ಮೊದಲು ಫಿರ್ದೌಸ್ ಎದ್ದಳು, ಆಮೇಲೆ ಅವರ ಸಾಲಿನ ಹುಡುಗಿಯರು. ಕುರ್ಚಿಗಳ ಸದ್ದು ಮಳೆ ಬಂದಂತೆ ಹಿಂದಿನವರೆಗೂ ಹೋಯಿತು. ವೇದಿಕೆಯಿಂದ ಕಡಗಂಚಿ ಸರ್ ಇಳಿದು ಬಂದು ಮೆಸ್ಸಿನ ಬಾಗಿಲಲ್ಲಿ ಅವಳನ್ನು ಹಿಡಿದರು. "ಮುಂದಿನ ಟೂರಿಗಿ ನಿನ್ನ ಪೆನ್ನಿಗಿ ತಂಪು ಡಬ್ಬಿ ನಾ ತರ್ತೀನಿ. ಮೊದಲೇ ಹೇಳಬಾರದೇನವ್ವ?" ಎಂದರು. ಅವಳ ಕಣ್ಣು ಆಗ ತುಂಬಿತು. ವೇದಿಕೆಯ ಮುಂದೆ ತುಂಬಿರಲಿಲ್ಲ.

ತ್ರಿಲೋಚನನ ಚಾನೆಲ್ಲು ಮುಚ್ಚಿತೆಂದು ನಾನು ಹೇಳಲಾರೆ. ಅವನು ಇನ್ನೂ ಮಾತಾಡುತ್ತಿದ್ದಾನೆ. "ದುಡ್ಡು ಕೊಟ್ಟು ಕಳಿಸಿದ ಹುಡುಗಿ" ಎಂದು ಅವಳ ಮೇಲೊಂದು ವಿಡಿಯೋ ಮಾಡಿದ. ಅದರ ಕೆಳಗಿನ ಬೈಗುಳಗಳನ್ನು ಅವಳು ಒಂದು ಸಂಜೆ ಓದಿ, ಎರಡನೆಯ ಸಂಜೆ ಓದಲಿಲ್ಲ. ಆದರೆ ಕ್ಯಾಂಪಸ್ಸಿನಲ್ಲಿ ಗಾಳಿ ಬದಲಾಯಿತು. ಗ್ರಂಥಾಲಯದ ಕಿಟಕಿ ಪಕ್ಕದ ಮೇಜಿಗೆ ಒಬ್ಬೊಬ್ಬರೇ ಬರತೊಡಗಿದರು. "ಅಕ್ಕಾ, ಮೊಡವಿಗೆ ಟೂತ್‌ಪೇಸ್ಟ್ ಹಚ್ಚಬಹುದೇನು?" "ಈ ಪುಡಿ ಕುಡಿದ್ರ ಖರೇನ ಎತ್ತರ ಆಗ್ತಾರೇನ್ರಿ?" "ನಮ್ಮಪ್ಪ ಬಿ.ಪಿ. ಗುಳಿಗಿ ಬಿಟ್ಟಾರ, ಈ ವಿಡಿಯೋ ನೋಡಿ." ಇಬ್ಬರೂ ಉತ್ತರ ಹೇಳುತ್ತಿರಲಿಲ್ಲ, ಹುಡುಕಿಸುತ್ತಿದ್ದರು. ಯಾರು ಹೇಳ್ಯಾರ, ಏನು ಮಾರ್ಲತ್ತಾರ, ಬೇರೆ ಯಾರಾದರೂ ಅದನ್ನೇ ಹೇಳ್ಯಾರೇನು ಎಂದು ಕೇಳಿಸಿ, ಕೇಳಿಸಿ, ಕೊನೆಗೆ ಡಾಕ್ಟರ ಬಳಿಗೆ ಕಳಿಸುತ್ತಿದ್ದರು.

ನೀಲಗಂಗಾ ಮರುವರ್ಷ ಘಟ್ಟಕ್ಕೆ ಹೋದಳು. ಓಲಾಡುವ ಬಸ್ಸಿನಲ್ಲಿ ಎಲ್ಲರೆದುರೇ ಚುಚ್ಚಿಕೊಂಡು ಬುತ್ತಿ ಬಿಚ್ಚಿದಳು. ನನ್ನಿಂದ ತೆಗೆದ ಗಿಡಗಳ ಚಿತ್ರಗಳಿಂದ ನನ್ನ ಹೊಟ್ಟೆ ತುಂಬಿಹೋಯಿತು. ಈಗ ಅವಳು ಯಾದಗಿರಿಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಹೋಗುವಾಗ ಹೊಸ ಮೊಬೈಲು ಕೊಂಡು ನನ್ನನ್ನು ಫಿರ್ದೌಸ್‌ಗೆ ಬಿಟ್ಟುಹೋದಳು. ಫಿರ್ದೌಸ್ ಅದೇ ಗ್ರಂಥಾಲಯದಲ್ಲಿ ಸಹಾಯಕಿಯಾಗಿದ್ದಾಳೆ.

ನನಗೀಗ ಸಿಮ್ ಇಲ್ಲ, ಗ್ರಂಥಾಲಯದ ವೈಫೈ ಮೇಲೆ ಬದುಕಿದ್ದೇನೆ. ಗಾಜು ಮೂಲೆಯಲ್ಲಿ ಬಿರಿದಿದೆ, ಚಾರ್ಜು ಬೇಗ ಇಳಿಯುತ್ತದೆ, ಬಿಸಿಲಿನಲ್ಲಿ ಬೆನ್ನು ಸುಡುತ್ತದೆ. ಒಂದಲ್ಲ ಒಂದು ದಿನ ಬ್ಯಾಟರಿ ಉಬ್ಬಿ ನನ್ನನ್ನು ಹಳೆಯ ಯಂತ್ರಗಳ ಡಬ್ಬಿಗೆ ಹಾಕುತ್ತಾರೆ. ಅಲ್ಲಿಯವರೆಗೆ ಕಿಟಕಿ ಪಕ್ಕದ ಮೇಜಿನ ಮೇಲೆ ಹಗ್ಗದಲ್ಲಿ ಕಟ್ಟಿಸಿಕೊಂಡು ಕೂತಿದ್ದೇನೆ. ಯಾರು ಬೇಕಾದರೂ ಏನು ಬೇಕಾದರೂ ಕೇಳಬಹುದು, ಹೆಸರು ಹೇಳಬೇಕಿಲ್ಲ.

ಮೊನ್ನೆ ಒಬ್ಬ ಹುಡುಗಿ ಬಂದಳು. ಮೊದಲ ವರ್ಷದವಳು, ಹೆಸರು ಸಾವಂತ್ರಿ ಎಂದು ಆಮೇಲೆ ಗೊತ್ತಾಯಿತು. ಅತ್ತಿತ್ತ ನೋಡಿ ಬರೆದಳು: "ಎದೆಯಲ್ಲಿ ಗಂಟು". ನನ್ನ ಪರದೆಯ ತುಂಬ ಸಾವಿನ ಮಾತುಗಳೇ ಬಂದವು. ಅವಳ ಗದ್ದ ನಡುಗುವುದು ಕೆಳಗಿನಿಂದ ನನಗೆ ಕಂಡಿತು. ಇನ್ನೊಂದನ್ನು ಒತ್ತಿದಳು, ಮತ್ತೊಂದನ್ನು ಒತ್ತಿದಳು. ಒಂದಕ್ಕಿಂತ ಒಂದು ಕರಾಳ. ಫಿರ್ದೌಸ್ ಪುಸ್ತಕ ಜೋಡಿಸುವ ನೆಪದಲ್ಲಿ ಹತ್ತಿರ ಬಂದು ನಿಂತಳು. ಪರದೆ ನೋಡಿದಳೋ ಇಲ್ಲವೋ ತಿಳಿಯದು.

"ಬರೀ ಹೆದರಸೋದೇ ಮೊದಲ ಬರ್ತದ, ತಂಗಿ. ಅದನ್ನೇ ಜನ ಒತ್ತತಾರ," ಎಂದಳು ಮೆಲ್ಲಗೆ. "ಕೆಳಗ ಹೋಗು. ಯಾವುದಾದ್ರೂ ದವಾಖಾನಿದು ಸಿಕ್ರ ಓದು."

ಹುಡುಗಿ ಕೆಳಗೆ ಹೋದಳು. ಒಂದು ಆಸ್ಪತ್ರೆಯ ಪುಟ ತೆರೆದು ನಿಧಾನವಾಗಿ, ಬೆರಳಿಟ್ಟು ಓದಿದಳು. ಈ ವಯಸ್ಸಿನ ಹೆಚ್ಚಿನ ಗಂಟುಗಳು ಅಪಾಯದವಲ್ಲ, ಆದರೆ ಪ್ರತಿಯೊಂದನ್ನೂ ವೈದ್ಯರಿಗೆ ತೋರಿಸಲೇಬೇಕು ಎಂದಿತ್ತು. ಮತ್ತೊಮ್ಮೆ ಓದಿದಳು. ಅವಳ ಉಸಿರು ನಿಧಾನಕ್ಕೆ ಹದಕ್ಕೆ ಬಂತು.

"ಅಕ್ಕಾ, ನೀವು ನನ್ನ ಜೋಡಿ ದವಾಖಾನಿಗಿ ಬರ್ತೀರೇನು?"

"ನಡಿ," ಎಂದಳು ಫಿರ್ದೌಸ್.

ನನ್ನೊಳಗೆ ಎಷ್ಟೋ ಲೋಕಗಳಿವೆ; ಜನ ನನ್ನನ್ನು ಹಿಡಿದುಕೊಂಡು ದಿನಗಟ್ಟಲೆ ಕೂರುತ್ತಾರೆ. ಹಾಗೆ ಕೂತವರನ್ನು ನಾನು ಬಹಳ ಕಂಡಿದ್ದೇನೆ. ಆದರೆ ನನ್ನಿಂದ ಬೇಕಾದಷ್ಟನ್ನು ಮಾತ್ರ ತೆಗೆದುಕೊಂಡು, ನನ್ನನ್ನು ಮೇಜಿನ ಮೇಲಿಟ್ಟು, ಎದ್ದು ಬಾಗಿಲ ಕಡೆ ನಡೆದ ಆ ಹುಡುಗಿಯ ಬೆನ್ನನ್ನು ಕಂಡಾಗ ಆದ ಸಂತೋಷವೇ ಬೇರೆ.